ಒದ್ದೆ ಬೆರಳು

ನಾನು ಒಂದು ಸೀಸೆ ನೀಲಿ ದ್ರಾವಣ. ನನಗೆ ಕೈಕಾಲಿಲ್ಲ, ನಾಲಿಗೆಯಿಲ್ಲ. ಇರುವುದು ಒಂದು ಬಣ್ಣ ಮಾತ್ರ. ಆ ಬಣ್ಣವೂ ನನ್ನ ಹಿಡಿತದಲ್ಲಿಲ್ಲ ಎಂದು ತಿಳಿದ ದಿನದಿಂದ ನಾನು ಹೆದರಿಕೊಂಡೇ ಬದುಕಿದ್ದೇನೆ.

ಹುಟ್ಟಿದ್ದು ವಿಜಯಪುರ ಸೀಮೆಯ ಒಂದು ಪೇಟೆಯ ಮಹಿಳಾ ಕಾಲೇಜಿನಲ್ಲಿ. ರಸಾಯನಶಾಸ್ತ್ರದ ಪ್ರಯೋಗಾಲಯ, ಕಿಟಕಿಯ ಪಕ್ಕದ ಕಲ್ಲಿನ ಕಟ್ಟೆ. ನನ್ನನ್ನು ಮಾಡಿದವಳು ಸುಗಲಾ. ಆಗಷ್ಟೇ ಎಂ.ಎಸ್ಸಿ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದಳು. ಅತಿಥಿ ಎಂದರೆ ವರ್ಷ ಮುಗಿದಾಗ ಎದ್ದು ಹೋಗಬೇಕಾದವಳು. ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಮತ್ತೆ ಕರೆಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ.

ಸುಗಲಾ ಕೋಬಾಲ್ಟ್ ಕ್ಲೋರೈಡಿನ ಗುಲಾಬಿ ಹರಳುಗಳನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಸಣ್ಣ ಉರಿಯ ಮೇಲಿಟ್ಟಳು. ಹರಳುಗಳು ನೀರನ್ನು ಒಡಲಲ್ಲಿ ಬಚ್ಚಿಟ್ಟುಕೊಂಡಿರುತ್ತವೆ. ಕಾವು ತಾಗಿ ಆ ನೀರು ಹಬೆಯಾಗಿ ಹೋಯಿತು. ಗುಲಾಬಿ ಹೋಗಿ ನೀಲಿ ಪುಡಿ ಉಳಿಯಿತು. ಆರಿದ ಪುಡಿಯನ್ನು ಅವಳು ಪ್ರೊಪನಾಲ್ ಎಂಬ ಮದ್ಯಸಾರಕ್ಕೆ ಸುರಿದಳು. ಕುಡಿಯುವ ಮದ್ಯವಲ್ಲ, ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಒರೆಸುತ್ತಾಳಲ್ಲ, ಆ ತಣ್ಣನೆಯ, ಮೂಗಿಗೆ ಏರುವ ವಾಸನೆಯದು. ಮೇಲೆ ಒಂದು ಚಿಟಿಕೆ ಬೇರೆ ಕ್ಲೋರೈಡ್ ಲವಣ. ಸೀಸೆಯನ್ನು ಮೆಲ್ಲಗೆ ತಿರುಗಿಸಿದಳು. ನಾನು ಕಣ್ಣುಬಿಟ್ಟೆ. ಕಿಟಕಿಯ ಬೆಳಕಿಗೆ ನನ್ನನ್ನು ಎತ್ತಿ ಹಿಡಿದು, “ಎಷ್ಟ್ ಚಂದ ಆಗೀಯವಾ,” ಅಂದಳು. ಯಾರಾದರೂ ಕೇಳಿಸಿಕೊಂಡರೇನೋ ಎಂದು ಕೂಡಲೇ ಬಾಗಿಲಿನತ್ತ ನೋಡಿದಳು.

ನನ್ನ ಮೈಯ ಗುಟ್ಟನ್ನೂ ಹೇಳಿಬಿಡುತ್ತೇನೆ. ನನ್ನೊಳಗೆ ಎಣಿಕೆಗೆ ಸಿಗದಷ್ಟು ಕೋಬಾಲ್ಟ್ ಕಣಗಳಿವೆ. ಒಂದೊಂದರ ಸುತ್ತ ನಾಲ್ಕು ಕ್ಲೋರೈಡುಗಳು, ಮಕ್ಕಳು ಕೈಕೈ ಹಿಡಿದು ಸುತ್ತುಗಟ್ಟಿ ನಿಂತ ಹಾಗೆ. ಆ ನಾಲ್ವರು ಹಿಡಿದುಕೊಂಡಿರುವಷ್ಟು ಹೊತ್ತು ನಾನು ನೀಲಿ. ಮದ್ಯಸಾರ ಸಾಧು ಪ್ರಾಣಿ. ಅವರನ್ನು ನೂಕುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತದೆ. ನೀರು ಹಾಗಲ್ಲ. ನೀರು ಬಂತೆಂದರೆ ಕ್ಲೋರೈಡುಗಳನ್ನು ಪಕ್ಕಕ್ಕೆ ಸರಿಸಿ, ಆರು ಜನವಾಗಿ ಕೋಬಾಲ್ಟನ್ನು ಸುತ್ತುವರಿಯುತ್ತದೆ. ಆಗ ನೀಲಿ ಹೋಗಿ ಗುಲಾಬಿ ಉಳಿಯುತ್ತದೆ. ನನ್ನ ಗಟ್ಟಿತನ ಅನ್ನುವುದು ಇಷ್ಟೇ: ನೀರು ಬಾರದಿರುವುದು.

ಇದು ನನಗೆ ಮೊದಲ ತರಗತಿಯಲ್ಲೇ ಗೊತ್ತಾಯಿತು. ಸುಗಲಾ ನನ್ನಿಂದ ಒಂದಿಷ್ಟನ್ನು ಗಾಜಿನ ನಳಿಗೆಗೆ ಸುರಿದು, ಹುಡುಗಿಯರ ಮುಂದೆ ಹನಿ ಹನಿಯಾಗಿ ನೀರು ಬಿಟ್ಟಳು. ಮೊದಲ ಹನಿಯನ್ನು ಆ ನಳಿಗೆಯಲ್ಲಿದ್ದ ನಾನು ತಡೆದುಕೊಂಡೆ. ಆಮೇಲೆ ನೇರಳೆಗೆ ತಿರುಗಿದೆ. ಆಮೇಲೆ ಗುಲಾಬಿ. ಹುಡುಗಿಯರು “ಓ” ಎಂದು ಚಪ್ಪಾಳೆ ತಟ್ಟಿದರು. ಸೀಸೆಯಲ್ಲಿ ಉಳಿದಿದ್ದ ನಾನು ನನ್ನದೇ ಒಂದು ತುಂಡು ಕಣ್ಣೆದುರಿಗೆ ಬೇರೆಯಾದದ್ದನ್ನು ನೋಡಿದೆ. ಅದನ್ನು ಬಚ್ಚಲಿಗೆ ಚೆಲ್ಲದೆ, ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಆ ಡಬ್ಬಿಯಿಂದ ಯಾವ ಸದ್ದೂ ಬರಲಿಲ್ಲ.

ಕಪಾಟಿನಲ್ಲಿ ನನ್ನ ಜೊತೆ ಬಂಧುಗಳಿದ್ದರು. ಪಕ್ಕದಲ್ಲಿ ಅಕ್ಕ: ಅದೇ ಕೋಬಾಲ್ಟ್, ಆದರೆ ಮೆಥನಾಲಿನಲ್ಲಿ ಕರಗಿದವಳು. ಮೆಥನಾಲ್ ಸ್ವಲ್ಪ ನೀರಿನ ಗುಣದ್ದು. ಅಕ್ಕ ಹುಟ್ಟಿದಾಗಿನಿಂದ ಪೂರ್ತಿ ನೀಲಿಯಾಗಿರಲೇ ಇಲ್ಲ, ಬಾಡಿದ ನೇರಳೆ. ಆಚೆಗೆ ಹಳದಿ ಹಸಿರಿನ ತಾಮ್ರ, ಹಳದಿ ಕಬ್ಬಿಣ. ಮೂಲೆಯಲ್ಲಿ ನಿಕ್ಕಲ್, ಅವನ ಕ್ಲೋರೈಡುಗಳಂತೂ ಹೆಸರಿಗೆ ಮಾತ್ರ ಹಿಡಿದುಕೊಂಡಿದ್ದವು, ಗಾಳಿ ಬೀಸಿದರೂ ಬಿಟ್ಟಾವು ಅನ್ನುವ ಹಾಗೆ. ಅವನನ್ನು ನೋಡಿದಾಗಲೆಲ್ಲ ನನಗೆ ನಡುಕ. ತೊಟ್ಟಿಕ್ಕುವ ನಲ್ಲಿ, ತೊಳೆದಿಟ್ಟ ಬೀಕರು, ಶ್ರಾವಣದ ತೇವದ ಗಾಳಿ, ಸೀನುವ ಹುಡುಗಿ, ಎಲ್ಲವೂ ನನ್ನನ್ನು ಕೊಲ್ಲಲು ಬಂದಂತೆ ಕಾಣುತ್ತಿದ್ದವು.

ಸುಗಲಾಳೂ ಅಂಜುಬುರುಕಿ. ಅವಳು ಅಂಗಳದ ನಡುವೆ ನಡೆದದ್ದನ್ನು ನಾನು ನೋಡಿರಲಿಲ್ಲ. ಯಾವಾಗಲೂ ಗೋಡೆಯ ಅಂಚು. ಪಾಠ ಮಾಡುವಾಗ ದನಿ ಎರಡನೇ ಸಾಲಿಗೆ ಮುಟ್ಟುವಷ್ಟರಲ್ಲಿ ಸೋತುಹೋಗುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯರು, “ಮೇಡಂ ಪಾಠ ಹೇಳಾಕತ್ಯಾರೋ, ಜಪ ಮಾಡಾಕತ್ಯಾರೋ?” ಎಂದು ಕಿಸಕ್ಕನೆ ನಗುತ್ತಿದ್ದರು. ಅವಳು ಕೇಳಿಸದವಳಂತೆ ನನ್ನ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದಳು. ಅವಳ ಬೆರಳುಗಳು ಸದಾ ತಣ್ಣಗಿರುತ್ತಿದ್ದವು.

ಪುಷ್ಯ ಮಾಸದ ಚಳಿಯಲ್ಲಿ ಹಾಸ್ಟೆಲಿನಲ್ಲಿ ಒಂದು ಕಳವಾಯಿತು.

ಹಾಸ್ಟೆಲ್ ಕಾಲೇಜಿನ ಕಾಂಪೌಂಡಿನಲ್ಲೇ ಇತ್ತು. ಸುಷ್ಮಿತಾ ಎಂಬ ಹುಡುಗಿ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಹಾಕಿಕೊಳ್ಳಲೆಂದು ಅವ್ವನ ಬೋರಮಾಳವನ್ನು ಮನೆಯಿಂದ ತಂದಿದ್ದಳು. ಚಿನ್ನದ ಗುಂಡಿನ ಸರ. ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ದಿಂಬಿನ ಕೆಳಗಿನ ಸರ ಮಾಯ. ಮರುದಿನ ಅವಳ ಅಪ್ಪ ಬಂದರು. ಎಲ್ಲರೂ ಅವರನ್ನು ಗೌಡರು ಅನ್ನುತ್ತಿದ್ದರು. ಅವರು ಪ್ರಿನ್ಸಿಪಾಲ್ ಹೆರಕಲ್ ಸರ್ ಜೊತೆ ಮಾತಾಡುತ್ತಲೇ ಪ್ರಯೋಗಾಲಯದ ಬಾಗಿಲವರೆಗೂ ಬಂದರು. ನಾನು ಕಪಾಟಿನಿಂದಲೇ ಎಲ್ಲ ಕೇಳಿಸಿಕೊಂಡೆ.

“ನಮ್ಮೂರಾಗ ಅಂಜನ ಹಾಕಾಂವ ಅದಾನ್ರಿ. ಉಗುರಿಗೆ ಕಪ್ಪ ಹಚ್ಚಿ ನೋಡಿದ್ರ ಕಳ್ಳರ ಮಾರಿನ ಕಾಣತೈತಿ. ನಾಳೆ ಕರಕೊಂಡ ಬರ್ತೀನಿ,” ಅಂದರು ಗೌಡರು.

“ಛೇ ಛೇ, ಇದು ಕಾಲೇಜ್ರೀ ಗೌಡ್ರ. ಇಲ್ಲಿ ಅಂಜನ ಗಿಂಜನ ಅಂದ್ರ ಮಂದಿ ನಗತಾರ.” ಹೆರಕಲ್ ಸರ್ ಒಳಗೆ ಬಂದರು. ಅವರ ಕಣ್ಣು ಕಪಾಟಿನ ಮೇಲೆ ಓಡಾಡಿ ನನ್ನ ಮೇಲೆ ನಿಂತಿತು. “ನಮ್ಮ ಹತ್ರ ಸೈನ್ಸ್ ಐತಿ. ಸುಗಲಾ ಮೇಡಂ, ಕ್ಲಾಸಿನಾಗ ಹುಡುಗ್ಯಾರಿಗೆ ಬಣ್ಣ ಬದಲಾಗೂದು ತೋರ್ಸಿದ್ರಲ್ಲಾ, ಅದ ಇದು?”

“ಹೌದ್ರಿ ಸರ್.”

“ನಾಳೆ ಮುಂಜಾನೆ ಹಾಸ್ಟೆಲಿಗೆ ತೊಗೊಂಡ ಬರ್ರಿ. ಎಲ್ಲಾರೂ ಇದರಾಗ ಬೆರಳ ಅದ್ದಲಿ. ಕದ್ದವರ ಬೆರಳಿಗೆ ಬಣ್ಣ ಬದಲಾಗತೈತಿ ಅಂತ ಹೇಳೂನು. ಬದಲಾಗೂದಿಲ್ಲ, ನನಗೂ ಗೊತ್ತೈತಿ. ಕದ್ದಾಕಿ ಅದ್ದಾಕ ಅಂಜತಾಳ, ಅಲ್ಲೇ ಸಿಗತಾಳ. ಹೆಂಗ?”

ಸುಗಲಾ ಬಾಯಿ ತೆರೆದಳು. ಏನೋ ಹೇಳುವುದಿತ್ತು. ಕೊನೆಗೆ ಬಂದದ್ದು “ಹೂಂ ಸರ್” ಅಷ್ಟೇ.

ಅವರು ಹೋದ ಮೇಲೆ ಅವಳು ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. “ಒಣಾ ಬೆರಳು ಮುಟ್ಟಿದ್ರ ಏನೂ ಆಗೂದಿಲ್ಲ, ಹೌದಲ್ಲ?” ಎಂದು ನನ್ನನ್ನೇ ಕೇಳಿದಳು. ನಾನೇನು ಹೇಳಲಿ? ಒಣ ಬೆರಳಾದರೆ ಏನೂ ಆಗುವುದಿಲ್ಲ. ಒಣ ಬೆರಳಾದರೆ.

ಮರುದಿನ ಬೆಳಿಗ್ಗೆ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಾಸ್ಟೆಲಿನ ಊಟದ ಕೋಣೆಗೆ ಒಯ್ದಳು. ಜನ್ಮದಲ್ಲಿ ಮೊದಲ ಸಲ ನಾನು ಪ್ರಯೋಗಾಲಯದಿಂದ ಹೊರಗೆ ಬಂದಿದ್ದೆ. ಚಳಿಗೆ ನನ್ನ ಮೈ ಬಿಗಿಯಿತು. ಚಳಿಯೂ ನನ್ನ ಶತ್ರುವೇ; ಮೈ ಬೆಚ್ಚಗಿದ್ದಾಗ ಕ್ಲೋರೈಡುಗಳು ಗಟ್ಟಿಯಾಗಿ ಹಿಡಿಯುತ್ತವೆ, ತಣ್ಣಗಾದರೆ ಅವುಗಳ ಕೈ ಸಡಿಲ.

ವಾರ್ಡನ್ ಪದ್ಮಾವತಿ ಮೇಡಂ ಮೇಜಿನ ಮೇಲೆ ದೇವಿಯ ಫೋಟೊ ಇಟ್ಟು, ದೀಪ ಹಚ್ಚಿ, ಪಕ್ಕದಲ್ಲಿ ತಾಮ್ರದ ತಂಬಿಗೆ ತುಂಬ ಪೂಜೆಯ ನೀರನ್ನಿಟ್ಟಿದ್ದರು. ಅದನ್ನು ಕಂಡೇ ನನ್ನ ಜೀವ ಅರ್ಧ ಹೋಯಿತು. “ಸೈನ್ಸ್ ಇರ್ಲಿ, ದೇವ್ರೂ ಇರ್ಲಿ ಸರ್. ಹುಡುಗ್ಯಾರಿಗೆ ಅಂಜಿಕಿ ಬರತೈತಿ,” ಎಂದರು. ಸುಗಲಾ ಬಿಳಿ ಪಿಂಗಾಣಿಯ ಹಲಗೆ ತಂದಿದ್ದಳು. ಅದರಲ್ಲಿ ಸಣ್ಣ ಸಣ್ಣ ಗುಳಿಗಳು. ಒಬ್ಬೊಬ್ಬರಿಗೆ ಒಂದೊಂದು ಗುಳಿ, ಒಂದೊಂದು ಗುಳಿಗೆ ನನ್ನ ನಾಲ್ಕಾರು ಹನಿ. ಕೋಬಾಲ್ಟ್ ಚರ್ಮಕ್ಕೆ ಒಳ್ಳೆಯದಲ್ಲ ಎಂದು, ಬೆರಳು ಅದ್ದಿದವರು ಆಮೇಲೆ ತೊಳೆದುಕೊಳ್ಳಲಿ ಎಂದು, ಮೇಜಿನ ಪಕ್ಕದಲ್ಲಿ ಒಂದು ಬಕೀಟು ನೀರು, ಒಂದು ಸೋಪು ಇಟ್ಟಳು. ಅವಳ ಕಾಳಜಿ ಅದು. ಆ ಬಕೀಟು ನನ್ನನ್ನೇ ನೋಡುತ್ತಿದೆ ಅನ್ನಿಸಿತು.

ಹೆರಕಲ್ ಸರ್ ಗಂಟಲು ಸರಿಮಾಡಿಕೊಂಡರು. “ನೋಡ್ರವಾ, ಕದ್ದವರ ಬೆರಳಿನ ಬೆವರೇ ಬ್ಯಾರೆ ಇರತೈತಿ. ಈ ಔಷಧಿ ಅದನ್ನ ಹಿಡೀತೈತಿ. ಈಗ ಒಪ್ಪಿಕೊಂಡ್ರ ಇಲ್ಲೇ ಮುಗಸೂನು. ಬಣ್ಣ ಬದಲಾದ ಮ್ಯಾಲೆ ನಾ ಜವಾಬ್ದಾರಲ್ಲ.”

ಒಪ್ಪಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಒಬ್ಬೊಬ್ಬರೇ ಬಂದರು. ಬೆರಳುಗಳನ್ನು ನಾನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಕೊಬ್ಬರಿ ಎಣ್ಣೆ ಮೆತ್ತಿದ ಬೆರಳು, ಪೆನ್ನಿನ ಮಸಿ ಹತ್ತಿದ ಬೆರಳು, ಗೋರಂಟಿಯ ಬೆರಳು, ಉಗುರು ಕಚ್ಚಿ ಗಾಯವಾದ ಬೆರಳು. ಎಲ್ಲವೂ ಒಣ. ಚಳಿಯ ಗಾಳಿಗೆ ಒಡೆದು ಬಿರುಕು ಬಿಟ್ಟಷ್ಟು ಒಣ. ಯಾರ ಬೆರಳು ನಡುಗಿತು ಎಂದು ನನ್ನನ್ನು ಕೇಳಬೇಡಿ. ಎಲ್ಲರ ಬೆರಳೂ ನಡುಗುತ್ತಿತ್ತು. ಗುಳಿಯಿಂದ ಗುಳಿಗೆ ನಾನು ನೀಲಿಯಾಗಿಯೇ ಉಳಿದೆ. ಅದ್ದಿದವರು ಬಕೀಟಿನಲ್ಲಿ ಕೈ ತೊಳೆದು, ಉಸಿರು ಬಿಟ್ಟು ಗೋಡೆಗೆ ಸರಿದು ನಿಂತರು.

“ಅಡಗಿ ಮನ್ಯಾಕಿ ಒಬ್ಬಾಕಿ ಉಳದ್ಲು. ಕಲ್ಲವ್ವಾ!” ಎಂದು ವಾರ್ಡನ್ ಕರೆದರು.

ಕಲ್ಲವ್ವ ಹಾಸ್ಟೆಲಿನ ಅಡುಗೆಯವಳು. ಜೋಳದ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದಿದ್ದಳು. ಮುಂಗೈವರೆಗೂ ಹಿಟ್ಟು. “ಏನ್ರೀ ಬಾಯಾರ? ಹಂಚಿನ ಮ್ಯಾಲ ರೊಟ್ಟಿ ಐತಿ, ಲಗೂ ಹೇಳ್ರಿ,” ಎಂದವಳು ಮೇಜಿನ ಮೇಲಿನ ದೇವಿಯನ್ನು ಕಂಡಳು. ದನಿ ತಗ್ಗಿತು. “ದೇವಿ ಮುಂದ ಇದರಾಗ ಬೆರಳ ಅದ್ದಬೇಕು,” ಎಂದರು ವಾರ್ಡನ್. ಪಕ್ಕದಲ್ಲಿ ಬಕೀಟು, ಸೋಪು ಕಂಡಿತು. ದೇವರ ಮುಂದೆ ಪ್ರಮಾಣ ಮಾಡಬೇಕಾದರೆ ಹಿಟ್ಟಿನ ಕೈಯಲ್ಲಿ ಹೇಗೆ ಮಾಡುತ್ತಾರೆ? ಅವಳು ಬಾಗಿ, ಮೊಣಕೈವರೆಗೆ ಚೆನ್ನಾಗಿ ತೊಳೆದಳು. ಕಾಲಿನ ಮೇಲೂ ಎರಡು ಬೊಗಸೆ ಸುರಿದುಕೊಂಡಳು. ಕೈ ಒರೆಸಿಕೊಳ್ಳಲಿಲ್ಲ. ತೊಳೆದ ಕೈಯನ್ನು ಮೈಲಿಗೆ ಸೆರಗಿಗೆ ತಾಗಿಸದೆ, ಹಾಗೇ ಮುಂದೆ ಚಾಚಿಕೊಂಡು ಬಂದಳು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಸುಗಲಾಳ ಕೈ ಅರ್ಧಕ್ಕೆ ಎದ್ದಿತು. “ಅದು… ಒರಸಿ…” ಎಂದಳು. ಆ ಮಾತು ಅವಳ ತುಟಿಯಿಂದ ನನ್ನ ಸೀಸೆಯವರೆಗೂ ಬರಲಿಲ್ಲ. ಅಲ್ಲಿದ್ದವರಿಗೆ ಎಲ್ಲಿ ಮುಟ್ಟೀತು?

ಆ ಬೆರಳು ನನ್ನ ಗುಳಿಗೆ ಇಳಿಯಿತು.

ನಾನು ಹಿಡಿದುಕೊಳ್ಳಲು ನೋಡಿದೆ. ದೇವರಾಣೆಗೂ ನೋಡಿದೆ. ಅವಳ ಬೆರಳು ಬೆಚ್ಚಗಿತ್ತು, ಅದರಲ್ಲಿ ಜೋಳದ ಹಿಟ್ಟಿನ ವಾಸನೆ ಇನ್ನೂ ಇತ್ತು, ಅದರಲ್ಲಿ ಕಳ್ಳತನದ್ದು ಏನೂ ಇರಲಿಲ್ಲ. ಆದರೆ ನೀರು ಇತ್ತು. ನೀರು ಬಂತು, ನನ್ನ ನಾಲ್ವರನ್ನು ನೂಕಿತು. ನೀಲಿ ಮಂಕಾಯಿತು, ನೇರಳೆಯಾಯಿತು, ಬಿಳಿ ಪಿಂಗಾಣಿಯ ಮೇಲೆ ಎಲ್ಲರ ಕಣ್ಣೆದುರಿಗೆ ಗುಲಾಬಿಯಾಯಿತು.

“ಯವ್ವಾ!” ಎಂದು ವಾರ್ಡನ್ ಎದೆಯ ಮೇಲೆ ಕೈ ಇಟ್ಟುಕೊಂಡರು.

ಕಲ್ಲವ್ವ ತನ್ನ ಬೆರಳನ್ನು ಎತ್ತಿ ನೋಡಿಕೊಂಡಳು, ಅದು ಬೇರೆ ಯಾರದ್ದೋ ಎಂಬಂತೆ. “ಯಾಕ್ರಿ? ಏನಾತು?”

ನಾನು ಹೆರಕಲ್ ಸರ್ ಮುಖವನ್ನೇ ನೋಡುತ್ತಿದ್ದೆ. ಇದೆಲ್ಲ ಸುಳ್ಳು ಎಂದು ಅವರಿಗೆ ಗೊತ್ತಿತ್ತು, ಹೆಣೆದವರೇ ಅವರು. ಈಗಲಾದರೂ ಹೇಳುತ್ತಾರೆ ಎಂದುಕೊಂಡೆ. ಅವರ ಕಣ್ಣಲ್ಲಿ ಮೊದಲು ಆಶ್ಚರ್ಯ ಬಂತು. ಆಮೇಲೆ ನಿಧಾನವಾಗಿ ಒಂದು ತೃಪ್ತಿ ಬಂತು. ತಾವು ಹೇಳಿದ ಸುಳ್ಳನ್ನು ಅವರು ನಂಬಿಬಿಟ್ಟರು. “ನೋಡ್ರಿ ಗೌಡ್ರ,” ಎಂದರು ಮೆಲ್ಲಗೆ, “ಖರೇನ ಸಿಕ್ತು.”

ಅದಕ್ಕಿಂತ ದೊಡ್ಡ ಭಯ ನನಗೆ ಎಂದೂ ಆಗಿಲ್ಲ.

“ನಾ ತೊಗೊಂಡಿಲ್ರೀ ಯಪ್ಪಾ. ಆ ಹುಡುಗಿ ಖೋಲಿಗೆ ನಾ ಕಾಲ ಇಟ್ಟಾಕಿ ಅಲ್ಲ. ಸುಷ್ಮಿತಾ, ನೀನರ ಹೇಳವಾ!” ಎಂದಳು ಕಲ್ಲವ್ವ. ಸುಷ್ಮಿತಾ ನೆಲ ನೋಡಿದಳು. ಹುಡುಗಿಯರು ಕಲ್ಲವ್ವನಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ನಿನ್ನೆಯವರೆಗೆ ಅವಳ ಕೈಯಿಂದ ಬಿಸಿ ರೊಟ್ಟಿ ಕಸಿದುಕೊಂಡು ತಿಂದವರು. ನೀರು ಬಿದ್ದು ನಾನು ಬಣ್ಣ ಬಿಟ್ಟದ್ದನ್ನು ತರಗತಿಯಲ್ಲಿ ಕಂಡು ಚಪ್ಪಾಳೆ ತಟ್ಟಿದ್ದವರಿಗೂ ಆಗ ಅದು ಹೊಳೆಯಲಿಲ್ಲ.

ಸುಗಲಾ ಹೆರಕಲ್ ಸರ್ ಬಳಿ ಹೋದಳು. “ಸರ್, ನೀರು ಸರ್…”

“ಆಮ್ಯಾಲ, ಮೇಡಂ, ಆಮ್ಯಾಲ.” ಅವರು ಅವಳತ್ತ ನೋಡಲೂ ಇಲ್ಲ. ಗೌಡರು ಆಗಲೇ ಮೊಬೈಲ್ ತೆಗೆದು ಪೊಲೀಸ್ ಠಾಣೆಯ ಪರಿಚಯದವರಿಗೆ ಹಚ್ಚುತ್ತಿದ್ದರು. ಕಲ್ಲವ್ವನ ಚೀಲ ಸುರುವಿದರು. ಎಲೆ ಅಡಿಕೆ, ಒಂದು ಬಾಚಣಿಗೆ, ಮೊಮ್ಮಗಳಿಗೆಂದು ಕಟ್ಟಿಕೊಂಡ ಎರಡು ಕರದಂಟು. ಸರ ಸಿಗಲಿಲ್ಲ. “ಎಲ್ಯೋ ದಾಟಿಸ್ಯಾಳ,” ಎಂದರು ಗೌಡರು. ಸಿಗದೆ ಇದ್ದದ್ದೂ ಅವಳ ಮೇಲೆಯೇ ಬಂತು.

ಸುಗಲಾ ಹಲಗೆಯನ್ನೂ ನನ್ನನ್ನೂ ಎತ್ತಿಕೊಂಡು ಪ್ರಯೋಗಾಲಯಕ್ಕೆ ಓಡಿ ಬಂದಳು. ಬಾಗಿಲು ಹಾಕಿದಳು. ಹಲಗೆಯನ್ನು ಕಿಟಕಿಯ ಮೇಲಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಖಾಲಿ ಸ್ಟೂಲುಗಳ ಕಡೆ ತಿರುಗಿ ನಿಂತು, “ಅದು ನೀರಿನಿಂದ ಆದದ್ದು ಸರ್,” ಎಂದಳು. ದನಿ ಒಡೆಯಿತು. ಮತ್ತೆ ಅಂದಳು. ಮತ್ತೆ. ಮಾತು ಒಂದೊಂದು ಸಲಕ್ಕೂ ಇನ್ನಷ್ಟು ಸಣ್ಣಗಾಗುತ್ತಿತ್ತು. ಮುಂದಿನ ವರ್ಷ ಅವಳನ್ನು ಕರೆಸುವವರು ಹೆರಕಲ್ ಸರ್. ಎಲ್ಲರೆದುರು ಅವರ ಮಾತು ಸುಳ್ಳು ಎಂದು ಹೇಳುವುದು ಹೇಗೆ? ಅವಳ ಭಯ ನನಗೆ ಅರ್ಥವಾಗುತ್ತಿತ್ತು, ನನ್ನದೂ ಅಂಥದೇ. ಮೇಲಿನಿಂದ ಏನೋ ಬಂದು ನೂಕಿದರೆ ಹಿಡಿದುಕೊಂಡು ನಿಲ್ಲಲು ಆಗದವರ ಭಯ.

ಅಷ್ಟರಲ್ಲಿ ಎಳೆಬಿಸಿಲು ಕಿಟಕಿಗೆ ಬಂತು. ಕಲ್ಲವ್ವನ ಗುಳಿಯ ಗುಲಾಬಿ ಹನಿಗೆ ಕಾವು ತಾಗಿತು. ಹನಿಯ ಅಂಚು ನೇರಳೆಯಾಯಿತು, ಆಮೇಲೆ ನೀಲಿಯಾಯಿತು. ಬೆಚ್ಚಗಾದರೆ ನಾವು ಹಾಗೆಯೇ, ಹೋದ ಕ್ಲೋರೈಡುಗಳು ತಿರುಗಿ ಬರುತ್ತವೆ. ಸುಗಲಾ ಅದನ್ನು ನೋಡುತ್ತ ನಿಂತಳು. ಹೊರಗೆ ವರಾಂಡದಲ್ಲಿ ಇಬ್ಬರು ಹುಡುಗಿಯರು ಹೋಗುತ್ತಿದ್ದರು. “ಇಷ್ಟ ದಿನಾ ಕಳ್ಳಿ ಕೈಯಾನ ರೊಟ್ಟಿ ತಿಂದೀವಲ್ಲಲೇ,” ಎಂದಳು ಒಬ್ಬಳು. “ಥೂ,” ಎಂದಳು ಇನ್ನೊಬ್ಬಳು.

ಸುಗಲಾ ಹಲಗೆಯನ್ನು ಒರೆಸಿದಳು. ನನ್ನನ್ನು ಎತ್ತಿಕೊಂಡಳು. ಈ ಸಲ ಸೆರಗಿನಲ್ಲಿ ಮುಚ್ಚಲಿಲ್ಲ. ಗೋಡೆಯ ಅಂಚಿಗೂ ಹೋಗಲಿಲ್ಲ; ಅಂಗಳದ ನಡುವೆಯೇ ನಡೆದಳು. ಅವಳ ಎದೆ ಬಡಿಯುವುದಕ್ಕೆ ನಾನು ಸೀಸೆಯೊಳಗೆ ಅಲೆಯೆದ್ದೆ.

ಊಟದ ಕೋಣೆಯಲ್ಲಿ ಎಲ್ಲರೂ ಪೊಲೀಸರ ದಾರಿ ಕಾಯುತ್ತಿದ್ದರು. ಕಲ್ಲವ್ವ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ಒದ್ದೆ ಕೈ ಅವಳ ಮೈಮೇಲೆಯೇ ಆರಿತ್ತು. ಸುಗಲಾ ಯಾರೊಂದಿಗೂ ಮಾತಾಡಲಿಲ್ಲ. ಮಾತಾಡಿದರೆ ದನಿ ಕೈಕೊಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಲಗೆ ಇಟ್ಟು, ಗುಳಿಗಳಿಗೆ ನನ್ನನ್ನು ಸುರಿದಳು. ಬಕೀಟಿನಲ್ಲಿ ಕೈ ಅದ್ದಿದಳು. ತೊಟ್ಟಿಕ್ಕುವ ಬೆರಳನ್ನು ಗುಳಿಯಲ್ಲಿಟ್ಟಳು. ಗುಲಾಬಿ.

ಹುಡುಗಿಯರು ಮುಂದಕ್ಕೆ ಬಾಗಿ ನೋಡಿದರು.

“ಓಹೋ,” ಎಂದು ಗೌಡರು ಮುಂದೆ ಬಂದರು. “ಹಂಗಾರ ಇಬ್ಬರೂ ಕೂಡೇ ಮಾಡೀರೇನು?”

ಸುಗಲಾಳ ಮುಖ ಬಿಳುಚಿತು. ನಾನು ಅಂಜಿದೆ. ಇದನ್ನು ಅವಳು ಎಣಿಸಿರಲಿಲ್ಲ. ನಂಬಿಕೆ ಬೇರೂರಿದ ಮೇಲೆ ಅದರ ಎದುರು ಹಿಡಿದದ್ದೆಲ್ಲ ಅದಕ್ಕೇ ಗೊಬ್ಬರವಾಗುತ್ತದೆ. ಹೆರಕಲ್ ಸರ್ ತಗ್ಗಿದ ದನಿಯಲ್ಲಿ, “ಸುಗಲಾ ಮೇಡಂ, ನಿಮ್ಮ ನೌಕರಿ ವಿಚಾರ ಮಾಡ್ಕೊಂಡು ಮುಂದಿನ ಕೆಲಸ ಮಾಡ್ರಿ,” ಎಂದರು.

ಅವಳು ಅವರನ್ನು ನೋಡಲಿಲ್ಲ. ವಾರ್ಡನ್ ಕಡೆ ತಿರುಗಿದಳು. “ಪದ್ಮಾವತಿ ಮೇಡಂ, ದೇವಿ ಮುಂದಿನ ತಂಬಿಗಿ ನೀರು ಒಂದ್ ಚಮಚಾ ಇದಕ್ಕ ಹಾಕ್ರಿ.”

“ಅಯ್ಯ, ಅದು ಪೂಜಿ ನೀರು!”

“ಅದಕ್ಕ ಹಾಕ್ರಿ ಅಂದೆ. ನಿಮ್ಮ ಕೈಲೇ ಹಾಕ್ರಿ.”

ವಾರ್ಡನ್ ಹೆರಕಲ್ ಸರ್ ಮುಖ ನೋಡಿದರು, ಗೌಡರ ಮುಖ ನೋಡಿದರು. ದೇವರ ನೀರಿಗೆ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ತಂಬಿಗೆಯಲ್ಲಿ ಚಮಚ ಅದ್ದಿ, ಹೂವಿನ ಎಸಳೊಂದು ಕೂಡಿ ಬಂದ ನೀರನ್ನು ನನ್ನ ಗುಳಿಗೆ ಬಿಟ್ಟರು.

ನಾನು ಈ ಸಲ ಹಿಡಿದುಕೊಳ್ಳಲು ನೋಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ಬೇಗ ಬಾ ಎಂದು ನೀರನ್ನು ಕರೆದೆ. ನಾಲ್ವರ ಕೈ ಒಟ್ಟಿಗೆ ಬಿಟ್ಟಿತು. ಗುಲಾಬಿ, ತಿಳಿ ಗುಲಾಬಿ.

ಮೂಲೆಯಿಂದ ಕಲ್ಲವ್ವ ಎದ್ದು ಬಂದು, ಕತ್ತು ಚಾಚಿ ಗುಳಿಯೊಳಗೆ ನೋಡಿದಳು. ಆಮೇಲೆ ದೇವಿಯ ಫೋಟೊ ನೋಡಿದಳು.

“ಅಯ್ಯ ನನ್ನವ್ವಾ,” ಎಂದಳು ದೇವಿಗೆ, “ನಿನ್ನ ಮ್ಯಾಲೂ ಹಾಕಿದ್ರೇನ ಕಳವು!”

ಹಿಂದೆ ಯಾರೋ ಒಬ್ಬಳು ಹುಡುಗಿ ತಡೆಯಲಾರದೆ ನಕ್ಕಳು. ಇನ್ನೊಬ್ಬಳು ನಕ್ಕಳು. ನಗು ತಟ್ಟನೆ ನಿಂತಿತು. ಆ ಮೌನದಲ್ಲಿ ಸುಗಲಾಳ ದನಿ ಎರಡನೇ ಸಾಲು ದಾಟಿ, ಗೋಡೆಯವರೆಗೂ ಹೋಯಿತು.

“ಇದಕ್ಕ ನೀರು ಬಿದ್ರ ಬಣ್ಣ ಬಿಡತೈತಿ. ಅಷ್ಟ. ಕಳವು ಗಿಳವು ಇದಕ್ಕ ತಿಳಿಯೂದಿಲ್ಲ. ನೀವೆಲ್ಲಾ ಅದ್ದಿ ಆಮ್ಯಾಲ ಕೈ ತೊಳಕೊಂಡ್ರಿ. ಕಲ್ಲವ್ವ ದೇವ್ರು ಅಂತ ಮೊದಲ ತೊಳಕೊಂಡ್ಲು. ಬಕೀಟು ಇಟ್ಟಾಕಿ ನಾನು.”

“ಮೊದಲ ಹೇಳಬೇಕಿಲ್ಲೇನ್ರಿ?” ಎಂದರು ಹೆರಕಲ್ ಸರ್. ಅವರ ಕಿವಿ ಕೆಂಪಾಗಿತ್ತು.

“ಅಂಜಿದೆ ಸರ್.”

ಪೊಲೀಸರಿಗೆ ಬರುವುದು ಬೇಡ ಎಂದು ಗೌಡರೇ ಫೋನು ಹಚ್ಚಿ ಹೇಳಿದರು. ಕಲ್ಲವ್ವ ತನ್ನ ಚೀಲಕ್ಕೆ ಎಲೆ ಅಡಿಕೆ, ಬಾಚಣಿಗೆ, ಕರದಂಟು ತುಂಬಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆ ಕೋಣೆ ತುಂಬ ಹರಡಿತ್ತು. ಅಡುಗೆ ಮನೆಗೆ ಹೋಗುವಾಗ ಸುಗಲಾಳ ಮುಂದೆ ನಿಂತಳು. ಕೈ ಮುಗಿಯುತ್ತಾಳೇನೋ ಎಂದುಕೊಂಡೆ.

“ಅಕ್ಕಾರ, ಇಷ್ಟ ಮಾತಾಡಾಕ ಇಷ್ಟೊತ್ತು ಬೇಕಾತೇನ್ರಿ?” ಎಂದಷ್ಟೇ ಕೇಳಿ ಒಳಗೆ ಹೋದಳು.

ಬೋರಮಾಳ ಸಿಗಲೇ ಇಲ್ಲ. ಅದನ್ನು ಯಾರು ತೆಗೆದರು ಎಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ತಿಳಿಯುವ ಶಕ್ತಿ ನನಗಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿಗೆ ಹೋದ ಸುದ್ದಿ ತಲೆಕೆಳಗಾಗಿ ಹೋಯಿತು. ಕಾಲೇಜಿನಲ್ಲಿ ಕಳ್ಳರನ್ನು ಹಿಡಿಯುವ ನೀಲಿ ಔಷಧಿ ಇದೆಯಂತೆ ಎಂದು ಜನ ಬರತೊಡಗಿದರು. ಸೀಸೆಯ ತಳದಲ್ಲಿ ಉಳಿದಿದ್ದ ನಾನು ಬಾಗಿಲಲ್ಲಿ ಹೆಜ್ಜೆ ಕೇಳಿದರೆ ಬೆಚ್ಚುತ್ತಿದ್ದೆ. ಒಬ್ಬ ಅತ್ತೆ ಬಂದು, ಸೊಸೆಯ ಬೆರಳನ್ನು ಒಮ್ಮೆ ಅದ್ದಿಸಿ ನೋಡಬೇಕು ಎಂದಳು. ಸುಗಲಾ ವಿವರಿಸಿ ಹೇಳಿ ಕಳಿಸಿದಳು. ಈಗ ಅವಳು ವಿವರಿಸುತ್ತಿದ್ದಳು, ದನಿ ಸಣ್ಣದಾದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಒಬ್ಬ ಅಂಗಡಿಕಾರ ಬಂದ. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ. ಕೊನೆಗೆ ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಅಂದ:

“ಅದ ಬೇಕಾಗಿತ್ರೀ ಮೇಡಂ. ನೀರು ಹಚ್ಚಿದವರಿಗೆ ಬಣ್ಣ ಬಿಡತೈತಿ, ಹೌದಲ್ಲ? ನಮ್ಮಲ್ಲಿ ಕೆಲಸಕ್ಕ ಒಬ್ಬಾಂವ ಅದಾನ, ಅವನ್ನ ಹೊರಗ ಹಾಕಬೇಕು. ಒಂದೀಟ ಕೊಡ್ರಿ.”

ಸುಗಲಾ ಅವನನ್ನು ಕಳಿಸಿ ಬಾಗಿಲು ಹಾಕಿದಳು. ನನ್ನ ಎದುರಿಗೆ ಬಂದು ಕೂತಳು. ತಿಳಿಯದವರ ಕೈಯಲ್ಲಿ ನಾನು ಹೇಗೆ ಅಪಾಯವೋ, ತಿಳಿದವರ ಕೈಯಲ್ಲಿ ಅದಕ್ಕಿಂತ ಹೆಚ್ಚು. ಅದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು ಎಂದು ಕಾಣುತ್ತದೆ.

ವರ್ಷ ಮುಗಿಯಿತು. ಮುಂದಿನ ವರ್ಷಕ್ಕೆ ಅವಳನ್ನು ಕರೆಯಲಿಲ್ಲ. ಹೆರಕಲ್ ಸರ್ ಕಾರಣ ಹೇಳಲಿಲ್ಲ. “ನೋಡೂನವಾ” ಎಂದಷ್ಟೇ ಅಂದರಂತೆ. ಕೊನೆಯ ದಿನ ಅವಳು ಕಪಾಟಿನ ಸೀಸೆಗಳನ್ನೆಲ್ಲ ಒರೆಸಿಟ್ಟು, ನನ್ನನ್ನು ಕಟ್ಟೆಯ ಮೇಲೆ ತಂದಿಟ್ಟಳು. ಮುಚ್ಚಳ ತೆಗೆದಳು. ಇನ್ನೊಂದು ಕೈಯಲ್ಲಿ ನೀರಿನ ಬೀಕರ್ ಇತ್ತು.

ಅವಳ ಕೈ ತಡೆಯಿತು. ನನಗೆ ಕಿರುಚಬೇಕು ಅನ್ನಿಸಿತು, ನಾಲಿಗೆಯಿಲ್ಲ. “ಅಂಜಬ್ಯಾಡ,” ಎಂದಳು. ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ ತಿಳಿಯಲಿಲ್ಲ. ನೀರು ಹನಿ ಹನಿಯಾಗಿ ಇಳಿಯಿತು. ನೀಲಿ ಒಂದಿಷ್ಟು ತಡೆಯಿತು, ಸೋತಿತು, ನೇರಳೆಯಾಯಿತು, ಹೋಯಿತು. ಪೂರ್ತಿ ಗುಲಾಬಿಯಾದ ಕೂಡಲೇ ಅವಳು ಬೀಕರ್ ಕೆಳಗಿಟ್ಟಳು. ಸೀಸೆಗೆ ಮುಚ್ಚಳ ಬಿಗಿದು, ಕಪಾಟಿನ ಹಿಂದಿನ ಸಾಲಿಗೆ ಸರಿಸಿ, ಅಂಗಳದ ನಡುವೆ ನಡೆದು ಹೋದಳು. ತಿರುಗಿ ನೋಡಲಿಲ್ಲ.

ಅಂದಿನಿಂದ ಇಲ್ಲಿಯೇ ಇದ್ದೇನೆ. ನಿಕ್ಕಲ್, ತಾಮ್ರ ಎಲ್ಲರೂ ಮುಂದಿನ ಸಾಲಿನಲ್ಲಿದ್ದಾರೆ. ನನ್ನ ಮೇಲೆ ಧೂಳು. ಈಗಲೂ ಅಪರೂಪಕ್ಕೆ ಯಾರೋ ಬರುತ್ತಾರೆ, ಆ ನೀಲಿ ಔಷಧಿ ಎಲ್ಲಿ ಎಂದು ಕೇಳುತ್ತಾರೆ. ಜವಾನ ಸೀಸೆ ಎತ್ತಿ ತೋರಿಸಿ, “ಅದು ಕೆಟ್ಟ ಹೋಗೇತ್ರಿ, ಕೆಂಪಾಗೇತಿ, ಉಪಯೋಗಿಲ್ಲ,” ಎನ್ನುತ್ತಾನೆ. ಕೆಟ್ಟುಹೋಗಿದೆ ಎಂಬ ಮಾತು ಕೇಳಿದಾಗ ನನಗೆ ಸಿಗುವ ನೆಮ್ಮದಿ ನೀಲಿಯಾಗಿದ್ದಾಗ ಒಂದು ದಿನವೂ ಸಿಕ್ಕಿರಲಿಲ್ಲ. ನೀರಿಗೆ ನಾನು ಈಗ ಅಂಜುವುದಿಲ್ಲ. ನೀರು ನನ್ನೊಳಗೇ ಇದೆ, ಜೊತೆಗೇ ಇದೆ. ಕೋಬಾಲ್ಟ್ ಅದೇ ಕೋಬಾಲ್ಟ್.

ಆದರೆ ವೈಶಾಖದ ಮಧ್ಯಾಹ್ನ ಬರುತ್ತದೆ. ನಮ್ಮ ಕಡೆಯ ಬಿಸಿಲು ಕಪಾಟಿನ ಗಾಜನ್ನು ಕಾಯಿಸಿ ಹಿಂದಿನ ಸಾಲಿಗೂ ಮುಟ್ಟುತ್ತದೆ. ಆಗ ನನ್ನ ಮೈಯೊಳಗೆ ಏನೋ ಸರಿದಾಡುತ್ತದೆ. ದೂರ ಹೋಗಿದ್ದ ಕ್ಲೋರೈಡುಗಳು ಮತ್ತೆ ಹತ್ತಿರ ಬರುತ್ತವೆ. ಸೀಸೆಯ ಕತ್ತಿನ ಬಳಿ ಸಣ್ಣಗೆ ನೇರಳೆ ಮೂಡುತ್ತದೆ. ಒಮ್ಮೊಮ್ಮೆ, ತೀರಾ ಉರಿಬಿಸಿಲಿಗೆ, ನೀಲಿಯ ಒಂದು ಎಳೆ. ಬಾಗಿಲಿನಾಚೆ ಚಪ್ಪಲಿಯ ಸದ್ದು ಕೇಳಿದರೆ ನಾನು ಉಸಿರು ಬಿಗಿಹಿಡಿಯುತ್ತೇನೆ. ಯಾರೂ ಒಳಗೆ ಬಾರದಿರಲಿ, ಯಾರೂ ಸೀಸೆ ಎತ್ತದಿರಲಿ, ಬೇಗ ಹೊತ್ತು ಮುಳುಗಲಿ, ಮೈ ತಣ್ಣಗಾಗಲಿ, ಮತ್ತೆ ಗುಲಾಬಿಯಾಗಲಿ ಎಂದು ಕಾಯುತ್ತೇನೆ.